ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪು: ಯಾವುದಕ್ಕೆ ಹೆದರಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿದೆ. ದಿನವೂ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಬರುವ ಸೊಪ್ಪನ್ನೇ ಕೊಳ್ಳುತ್ತೇವೆ. ಊರ ಹೊರಗೆ ಚರಂಡಿ ಹಳ್ಳಕ್ಕೆ ಮೋಟಾರು ಇಟ್ಟು ಸೊಪ್ಪಿನ ಮಡಿಗಳಿಗೆ ನೀರು ಹಾಯಿಸುವುದನ್ನು ಬಸ್ಸಿನಿಂದ ಕಂಡ ಮೇಲೆ ಸೊಪ್ಪು ಮುಟ್ಟಲು ಮನಸ್ಸಾಗುತ್ತಿಲ್ಲ. ಉಪ್ಪುನೀರಿನಲ್ಲಿ ನೆನೆಸಿ ತೊಳೆದರೆ ಏನೂ ಆಗುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಅಂತಹ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದು ಮಗ ಹೇಳುತ್ತಾನೆ. ಯಾರ ಮಾತನ್ನು ನಂಬಬೇಕು?
– ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಆದರೆ ಮೊದಲು ಹೆದರಬೇಕಾದದ್ದು ಅದಕ್ಕಲ್ಲ. ಕ್ಯಾಡ್ಮಿಯಂ ನೀರಿನೊಡನೆ ಮಣ್ಣು ಸೇರಿ ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತದೆ ಮತ್ತು ಬೇರಿನಿಂದ ಎಲೆಗೆ ಸುಲಭವಾಗಿ ಏರುತ್ತದೆ. ಸತು ಅಥವಾ ತಾಮ್ರ ಮಣ್ಣಿನಲ್ಲಿ ಅತಿಯಾದರೆ ಗಿಡವೇ ಸೊರಗಿ ರೈತನನ್ನು ಎಚ್ಚರಿಸುತ್ತದೆ. ಕ್ಯಾಡ್ಮಿಯಂ ಹಾಗಲ್ಲ, ಗಿಡ ಹಸಿರಾಗಿ ನಳನಳಿಸುತ್ತಿರುವಾಗಲೇ ತಿನ್ನುವವರಿಗೆ ಹೆಚ್ಚಾಗುವಷ್ಟು ಅದರಲ್ಲಿ ಸೇರಿರಬಹುದು. ಮೂತ್ರಪಿಂಡದಲ್ಲಿ ಒಮ್ಮೆ ನೆಲೆಸಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಬೇಕು. ಜಪಾನಿನ ತೊಯಾಮಾ ಪ್ರಾಂತ್ಯದಲ್ಲಿ ಗಣಿಯ ತ್ಯಾಜ್ಯ ಸೇರಿದ ಜಿಂಜು ನದಿಯ ನೀರನ್ನು ಭತ್ತದ ಗದ್ದೆಗಳಿಗೆ ಹಾಯಿಸಿದ್ದರಿಂದ, ಆ ಅಕ್ಕಿ ತಿಂದವರ, ಅದರಲ್ಲೂ ವಯಸ್ಸಾದ ಹೆಂಗಸರ ಮೂಳೆಗಳು ಮುರಿಯುವಷ್ಟು ದುರ್ಬಲವಾದವು. 1968ರಲ್ಲಿ ಅಲ್ಲಿನ ಸರ್ಕಾರವೇ ಇದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಒಪ್ಪಿಕೊಂಡಿತು.

ಆದರೆ ಅಲ್ಲಿ ಇದ್ದದ್ದು ಗಣಿ. ಬಚ್ಚಲು ಮತ್ತು ಪಾಯಿಖಾನೆಯ ನೀರೇ ಬಹುಪಾಲು ಇರುವ ಊರ ಚರಂಡಿಯಲ್ಲಿ ಲೋಹಗಳ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಹಳೆಯ ಬ್ಯಾಟರಿ ಒಡೆಯುವ ಜಾಗ, ಲೋಹಕ್ಕೆ ಲೇಪ ಹಾಕುವ ಘಟಕ, ಬಣ್ಣ ಹಾಕುವ ಘಟಕ ಇವುಗಳ ನೀರು ಸೇರುವ ಹಳ್ಳದಲ್ಲಿ ಮಾತ್ರ ಅದು ನಿಜವಾಗಿ ಚಿಂತಿಸಬೇಕಾದ ಸಂಗತಿ. ಸೀಸದ ವಿಷಯ ಬೇರೆ: ಅದು ಬೇರಿನಿಂದ ಅಷ್ಟಾಗಿ ಏರುವುದಿಲ್ಲ, ಎಲೆಗೆ ಅಂಟಿದ ಮಣ್ಣು ಮತ್ತು ರಸ್ತೆಯ ಧೂಳಿನಲ್ಲಿಯೇ ಹೆಚ್ಚಾಗಿರುತ್ತದೆ, ಆದ್ದರಿಂದ ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ.

ಲೋಹದ ಕೇಡು ಹತ್ತಿಪ್ಪತ್ತು ವರ್ಷಗಳದು. ಈ ವಾರ ತಿಂದದ್ದಕ್ಕೆ ಈ ತಿಂಗಳೇ ಹಾಸಿಗೆ ಹಿಡಿಸುವುದು ಮನುಷ್ಯರ ಮಲದಲ್ಲಿರುವ ರೋಗಾಣುಗಳು. ಟೈಫಾಯ್ಡ್, ಆಮಶಂಕೆ, ವಾಂತಿಭೇದಿ, ಕಾಮಾಲೆಯ ಎ ಮತ್ತು ಇ ವೈರಾಣುಗಳು, ಜಂತುಹುಳುಗಳ ಮೊಟ್ಟೆಗಳು, ಇವೆಲ್ಲವೂ ಶುದ್ಧೀಕರಿಸದ ಚರಂಡಿ ನೀರಿನಲ್ಲಿ ಸಹಜವಾಗಿಯೇ ಇರುತ್ತವೆ. ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೊದಲ್ಲಿ 1980ರ ದಶಕದುದ್ದಕ್ಕೂ ಟೈಫಾಯ್ಡ್ ಬಿಡದೆ ಕಾಡಿತು. ಅಲ್ಲಿ ಮನೆಮನೆಗೂ ಶುದ್ಧ ನಲ್ಲಿ ನೀರು ಬರುತ್ತಿತ್ತು, ಆದರೆ ಊರಿನ ಕೊಳಚೆ ಬೆರೆತ ನೀರಿನಲ್ಲಿ ಬೆಳೆದ ತರಕಾರಿಯನ್ನು ಜನ ಹಸಿಯಾಗಿ ತಿನ್ನುತ್ತಿದ್ದರು. 1991ರಲ್ಲಿ ಪಕ್ಕದ ಪೆರುವಿನಲ್ಲಿ ಕಾಲರಾ ಹಬ್ಬಿದಾಗ ಚಿಲಿಯ ಸರ್ಕಾರ ಹೆದರಿ ಆ ನೀರಿನಲ್ಲಿ ಅಂತಹ ತರಕಾರಿ ಬೆಳೆಯುವುದನ್ನೇ ನಿಲ್ಲಿಸಿತು. ಕಾಲರಾ ಅಲ್ಲಿ ಬೇರೂರಲಿಲ್ಲ, ಜೊತೆಗೆ ವರ್ಷಗಳಿಂದ ಜಗ್ಗದಿದ್ದ ಟೈಫಾಯ್ಡ್ ಕೂಡ ಇಳಿದುಹೋಯಿತು.

ನಾವು ಮಾಂಸ ತಿನ್ನುವವರಲ್ಲ, ಲಾಡಿಹುಳುವಿನ ಭಯ ನಮಗಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದೂ ಸರಿಯಲ್ಲ. ಹಂದಿಮಾಂಸದ ಲಾಡಿಹುಳು ಹೊಟ್ಟೆಯಲ್ಲಿರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳಿರುತ್ತವೆ; ಆ ಮಲ ಸೇರಿದ ನೀರು ಸೊಪ್ಪಿಗೆ ಹರಿದು, ಆ ಸೊಪ್ಪನ್ನು ಹಸಿಯಾಗಿ ತಿಂದವರ ಮಿದುಳಿನಲ್ಲಿ ಮರಿಹುಳು ಗೂಡುಕಟ್ಟಿ ಮೂರ್ಛೆರೋಗ ತರಬಲ್ಲದು. ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುವುದು ಹೀಗೆಯೇ.

ಇನ್ನು ನಿಮ್ಮ ಅತ್ತೆಯವರ ಉಪ್ಪುನೀರು. ಅಡುಗೆಮನೆಯಲ್ಲಿ ಬಳಸುವಷ್ಟು ಉಪ್ಪಾಗಲಿ ಅರಿಸಿನವಾಗಲಿ ಈ ರೋಗಾಣುಗಳನ್ನು ನಂಬುವಂತೆ ಕೊಲ್ಲುವುದಿಲ್ಲ. ಸೊಪ್ಪನ್ನು ನೀರಿನಲ್ಲಿ ಅಲುಗಾಡಿಸಿ ಮಣ್ಣು ಬಿಡಿಸುವುದರಿಂದಲೇ ಲಾಭ ಸಿಗುತ್ತದೆ, ಉಪ್ಪಿನಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾರ್ಗಸೂಚಿಯ ಲೆಕ್ಕದಂತೆ ಶುದ್ಧ ನೀರಿನಲ್ಲಿ ತೊಳೆದರೆ ರೋಗಾಣುಗಳು ಹತ್ತರಲ್ಲಿ ಒಂದು ಪಾಲಿಗೆ, ಸೋಂಕುನಿವಾರಕದಲ್ಲಿ ನೆನೆಸಿ ತೊಳೆದರೆ ನೂರರಲ್ಲಿ ಒಂದು ಪಾಲಿಗೆ, ಸಿಪ್ಪೆ ತೆಗೆದರೂ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಬೇಯಿಸಿದರೆ ಹತ್ತು ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ ಉಳಿಯುತ್ತವೆ. ಕುದಿಸಿದ ಸೊಪ್ಪಿನ ಹುಳಿಗೆ ನೀವು ಹೆದರಬೇಕಾದದ್ದಿಲ್ಲ. ಹೆದರಬೇಕಾದದ್ದು ರೊಟ್ಟಿಯ ಜೊತೆ ಕಚ್ಚುವ ಹಸಿ ಮೆಂತ್ಯ, ಮೂಲಂಗಿ ಮತ್ತು ಈರುಳ್ಳಿ ಸೊಪ್ಪಿಗೆ, ಮೆಂತ್ಯದ ಪಚಡಿಗೆ, ಕೋಸಂಬರಿಗೆ, ಮತ್ತು ನಮ್ಮೂರಿನಲ್ಲಿ ಸಂಜೆಯಾದರೆ ಬೀದಿಬೀದಿಯಲ್ಲಿ ಸಿಗುವ ಮಂಡಕ್ಕಿಯ ಮೇಲೆ ಧಾರಾಳವಾಗಿ ಉದುರಿಸುವ ಹಸಿ ಕೊತ್ತಂಬರಿಗೆ. ಮಂಡಕ್ಕಿಯನ್ನು ಬಿಡಿ ಎಂದು ದಾವಣಗೆರೆಯವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. ಕೊತ್ತಂಬರಿ ಬೇಡ ಎಂದು ಅಂಗಡಿಯವರಿಗೆ ಹೇಳಬಹುದು.

ತೊಳೆಯುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬಹಳ ಮನೆಗಳಲ್ಲಿ ಕಟ್ಟು ಬಿಚ್ಚದೆಯೇ ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಕೊತ್ತಂಬರಿ ಕಟ್ಟಿನ ಹೊರಗಿನ ಎಲೆಗಳು ಒದ್ದೆಯಾಗುತ್ತವೆ, ನಡುವಿನ ದಂಟುಗಳಿಗೆ ಅಂಟಿದ ಮಣ್ಣು ಹಾಗೆಯೇ ಉಳಿಯುತ್ತದೆ, ಮತ್ತು ಜಂತುವಿನ ಮೊಟ್ಟೆಗಳು ಹೆಚ್ಚಾಗಿರುವುದು ಆ ಮಣ್ಣಿನಲ್ಲಿಯೇ. ಮೊದಲು ಕಟ್ಟು ಬಿಚ್ಚಿ, ಬೇರಿನ ತುದಿಯನ್ನು ಕತ್ತರಿಸಿ ಎಸೆದು, ಕೊಳೆತ ಎಲೆಗಳನ್ನು ಆರಿಸಿ ತೆಗೆಯಬೇಕು. ಅಗಲವಾದ ಪಾತ್ರೆಯ ತುಂಬ ನೀರು ಹಾಕಿ ಸೊಪ್ಪನ್ನು ಮುಳುಗಿಸಿ ಅಲುಗಾಡಿಸಿ, ಸೊಪ್ಪನ್ನು ಕೈಯಿಂದ ಮೇಲೆತ್ತಿಕೊಳ್ಳಬೇಕು. ಸೊಪ್ಪಿದ್ದಂತೆಯೇ ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಕೂರುತ್ತದೆ. ಹೀಗೆ ನೀರು ಬದಲಿಸಿ ಮೂರು ಸಲ ಮಾಡಬೇಕು. ಹಸಿಯಾಗಿಯೇ ತಿನ್ನುವುದಿದ್ದರೆ ಕಡೆಯ ನೀರಿಗೆ, ಸುವಾಸನೆ ಅಥವಾ ಸೋಪು ಬೆರೆಸದ ಶೇಕಡಾ 4ರಿಂದ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಲೀಟರಿಗೆ 1 ಮಿಲಿಲೀಟರಿನಂತೆ ಬೆರೆಸಿ, ಐದು ನಿಮಿಷ ನೆನೆಸಿ, ಕುಡಿಯುವ ನೀರಿನಲ್ಲಿ ಜಾಲಿಸಿ ತೆಗೆಯಬಹುದು. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ದುಂಡುಹುಳುವಿನ ಮೊಟ್ಟೆಯ ಚಿಪ್ಪನ್ನು ಅದು ಭೇದಿಸಲಾರದು. ಆದ್ದರಿಂದ ಮಣ್ಣು ಬಿಡಿಸುವ ಮೊದಲ ಮೂರು ನೀರುಗಳನ್ನು ಬಿಟ್ಟು ನೇರವಾಗಿ ಇದಕ್ಕೆ ಬರಬಾರದು. ಮನೆಯಲ್ಲಿ ಬಸುರಿಯರು, ಎಳೆಯ ಮಕ್ಕಳು, ವಯಸ್ಸಾದವರು ಇದ್ದರೆ ಎಲ್ಲಿ ಬೆಳೆದದ್ದೆಂದು ತಿಳಿಯದ ಸೊಪ್ಪನ್ನು ಅವರಿಗೆ ಹಸಿಯಾಗಿ ಕೊಡದಿರುವುದೇ ಲೇಸು.

ಪ್ರಶ್ನೆ: ನಾನು ದಾವಣಗೆರೆ ತಾಲ್ಲೂಕಿನ ಸಣ್ಣ ರೈತ. ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ನಮ್ಮ ಜಮೀನು. ಬೇಸಿಗೆಯಲ್ಲಿ ನಾಲೆ ನೀರು ನಮ್ಮ ತನಕ ಬರುವುದಿಲ್ಲ, ಬೋರ್ ಬತ್ತಿದೆ. ಶುದ್ಧೀಕರಣ ಘಟಕದಿಂದ ಬಿಟ್ಟ ನೀರು ಹರಿಯುವ ಹಳ್ಳಕ್ಕೆ ಮೋಟಾರು ಇಟ್ಟು ಒಂದೂವರೆ ಎಕರೆಯಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ ಬೆಳೆಯುತ್ತೇನೆ. ನೀರು ತಿಳಿಯಾಗಿದೆ, ವಾಸನೆಯಿಲ್ಲ. ಪರೀಕ್ಷೆ ಮಾಡಿಸಿದಾಗ ರಸಸಾರ (ಪಿಎಚ್) 7.6, ವಿದ್ಯುತ್ ವಾಹಕತೆ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) 1400 ಬಂದು, ನೀರಾವರಿಗೆ ಯೋಗ್ಯ ಎಂದು ಬರೆದುಕೊಟ್ಟಿದ್ದಾರೆ. ಗೊಬ್ಬರದ ಖರ್ಚೂ ಉಳಿಯುತ್ತಿದೆ. ಈಗ ಜನ ಚರಂಡಿ ಸೊಪ್ಪು ಎಂದು ಹೀಯಾಳಿಸುತ್ತಿದ್ದಾರೆ. ನಾನು ಬೆಳೆ ನಿಲ್ಲಿಸಬೇಕೆ?
– ಒಬ್ಬ ರೈತ

ಉತ್ತರ: ನೀವು ಪರೀಕ್ಷೆ ಮಾಡಿಸಿದ್ದು ಮೆಚ್ಚಬೇಕಾದ ಕೆಲಸ, ಎಷ್ಟೋ ಜನ ಅಷ್ಟನ್ನೂ ಮಾಡುವುದಿಲ್ಲ. ಆದರೆ ಆ ವರದಿ ಹೇಳುವುದು ನಿಮ್ಮ ಬೆಳೆ ಮತ್ತು ಮಣ್ಣಿನ ಕ್ಷೇಮವನ್ನು ಮಾತ್ರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ನೀರಾವರಿಯ ನೀರು ‘ಇ’ ದರ್ಜೆಯದು, ಮತ್ತು ಆ ದರ್ಜೆಗೆ ನೋಡುವುದು ನಾಲ್ಕೇ ಅಂಶಗಳನ್ನು: ರಸಸಾರ 6.0ರಿಂದ 8.5ರ ಒಳಗಿರಬೇಕು, ವಿದ್ಯುತ್ ವಾಹಕತೆ 2250 ಮೀರಬಾರದು, ಸೋಡಿಯಂ ಹೀರಿಕೆಯ ಅನುಪಾತ (ಮಣ್ಣನ್ನು ಗಟ್ಟಿಕಟ್ಟಿಸುವ ಸೋಡಿಯಂ ಎಷ್ಟಿದೆ ಎಂಬ ಅಳತೆ) 26 ದಾಟಬಾರದು, ಬೋರಾನ್ ಲೀಟರಿಗೆ 2 ಮಿಲಿಗ್ರಾಂಗಿಂತ ಹೆಚ್ಚಿರಬಾರದು. ಈ ನಾಲ್ಕರಲ್ಲಿ ಮಲದ ಬ್ಯಾಕ್ಟೀರಿಯಾದ ಎಣಿಕೆ ಇಲ್ಲ, ಜಂತುಮೊಟ್ಟೆಯ ಎಣಿಕೆಯೂ ಇಲ್ಲ. ಜೋಳಕ್ಕೂ ಹತ್ತಿಗೂ ಈ ಅಳತೆ ಸಾಕಾಗಬಹುದು. ಹಸಿಯಾಗಿ ಬಾಯಿಗೆ ಹೋಗುವ ಕೊತ್ತಂಬರಿಗೆ ಇದೇ ಅಳತೆಯನ್ನು ಹಿಡಿಯುವುದು ನನ್ನ ಅಭಿಪ್ರಾಯದಲ್ಲಿ ದೊಡ್ಡ ಲೋಪ. ಮುಂದಿನ ಸಲ ಪರೀಕ್ಷೆಗೆ ಕೊಡುವಾಗ ಮಲಜನ್ಯ ಕೋಲಿಫಾರಂ, ಅಂದರೆ ನೀರಿಗೆ ಮಲ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ, ಇದರ ಎಣಿಕೆಯನ್ನು ಕೇಳಿ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಕಿದ ಮಿತಿ 100 ಮಿಲಿಲೀಟರಿಗೆ 1000; ಜಂತುಮೊಟ್ಟೆ ಲೀಟರಿಗೆ ಒಂದಕ್ಕಿಂತ ಹೆಚ್ಚಿರಬಾರದು.

ನೀರು ತಿಳಿಯಾಗಿದೆ ಎಂದಿದ್ದೀರಿ. ಘಟಕದ ಎರಡನೆಯ ಹಂತದವರೆಗಿನ ಶುದ್ಧೀಕರಣದ ಮುಖ್ಯ ಉದ್ದೇಶ ನೀರಿನಲ್ಲಿ ಕೊಳೆಯುವ ಪದಾರ್ಥವನ್ನು ಇಳಿಸುವುದು, ವಾಸನೆ ಹೋಗುವುದು ಅದರಿಂದಲೇ. ಹಸಿ ಚರಂಡಿ ನೀರಿನ 100 ಮಿಲಿಲೀಟರಿನಲ್ಲಿ ಒಂದು ಕೋಟಿ ಕೋಲಿಫಾರಂ ಇರುವುದು ಸಾಮಾನ್ಯ. ಘಟಕ ಶೇಕಡಾ 99ರಷ್ಟನ್ನು ತೆಗೆಯಿತು ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ, ಆದರೂ ಒಂದು ಲಕ್ಷ ಉಳಿಯಿತು, ಅಂದರೆ ಮೇಲೆ ಹೇಳಿದ ಮಿತಿಯ ನೂರು ಪಟ್ಟು. ಮೂರನೆಯ ಹಂತದಲ್ಲಿ ಸೋಸಿ ಕ್ಲೋರಿನ್ ಅಥವಾ ಅತಿನೇರಳೆ ಕಿರಣ ಕೊಟ್ಟರೆ ಮಾತ್ರ ಈ ಎಣಿಕೆ ಇಳಿಯುತ್ತದೆ. ಅಲ್ಲದೆ ಘಟಕದಿಂದ ಹೊರಟ ನೀರು ನಿಮ್ಮ ಮೋಟಾರಿನ ತನಕ ತೆರೆದ ಹಳ್ಳದಲ್ಲಿ ಹರಿಯುವಾಗ ದಾರಿಯಲ್ಲಿ ಇನ್ನೆಷ್ಟು ಮೋರಿಗಳು ಅದಕ್ಕೆ ಸೇರುತ್ತವೆ ಎಂಬುದನ್ನು ನೀವೇ ಒಮ್ಮೆ ಹಳ್ಳದ ದಂಡೆಯಲ್ಲಿ ನಡೆದು ನೋಡಬೇಕು. ಬೆಂಗಳೂರಿನ ಎರಡನೆಯ ಹಂತದ ನೀರನ್ನು 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದೂ ಅಂತರ್ಜಲ ಮರುಪೂರಣಕ್ಕೆಂದೇ ಹೊರತು ಕೆರೆಯಿಂದ ನೇರವಾಗಿ ಸೊಪ್ಪಿನ ಮಡಿಗೆ ಹಾಯಿಸಲೆಂದಲ್ಲ.

ಹಾಗೆಂದು ಬೆಳೆ ನಿಲ್ಲಿಸಿ ಎಂದು ಬರೆದರೆ ಉತ್ತರ ಕೊಟ್ಟಂತಾಗುವುದಿಲ್ಲ. ಬೇರೆ ನೀರಿಲ್ಲದವರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಬದಲಿಸಬೇಕಾದದ್ದು ಬೆಳೆಯನ್ನು, ನೀರು ಕೊಡುವ ಕ್ರಮವನ್ನು ಮತ್ತು ಕೊಯ್ಲಿನ ಹಿಂದಿನ ಕೆಲವು ದಿನಗಳನ್ನು.

ಬೆಳೆಯ ಮಾತು ಮೊದಲು. ನಿಮ್ಮ ಪಟ್ಟಿಯಲ್ಲಿರುವ ನಾಲ್ಕರಲ್ಲಿ ಪಾಲಕ್ ಸೊಪ್ಪನ್ನು ನಮ್ಮಲ್ಲಿ ಬೇಯಿಸಿಯೇ ತಿನ್ನುತ್ತಾರೆ. ಉಳಿದ ಮೂರೂ ಹಸಿಯಾಗಿ ಬಾಯಿಗೆ ಹೋಗುವಂಥವು, ಮೂಲಂಗಿಯಂತೂ ಆ ಮಣ್ಣಿನಲ್ಲಿಯೇ ಹೂತಿರುತ್ತದೆ. ಈ ಮೂರನ್ನು ಈ ನೀರಿನಿಂದ ತಪ್ಪಿಸಿ. ಬದನೆ, ಹೀರೇಕಾಯಿ, ಹಾಗಲ, ಪಡವಲದಂತಹ ಬೇಯಿಸುವ ಕಾಯಿಗಳು, ಅದರಲ್ಲೂ ಚಪ್ಪರಕ್ಕೆ ಹಬ್ಬುವಂಥವು, ನೆಲದ ನೀರಿನಿಂದ ದೂರ ಇರುತ್ತವೆ. ಇನ್ನೂ ನಿಶ್ಚಿಂತೆ ಬೇಕಾದರೆ ಹಿಪ್ಪುನೇರಳೆ, ಸೇವಂತಿಗೆ, ಮೆಕ್ಕೆಜೋಳ, ಹತ್ತಿ ಇವೆ. ಹೈದರಾಬಾದಿನಲ್ಲಿ ಮೂಸಿ ನದಿಯ ಕೊಳಚೆ ನೀರನ್ನು ನಂಬಿದ ಅನೇಕ ರೈತರು ಹಸುಗಳಿಗೆ ಪ್ಯಾರಾ ಹುಲ್ಲು ಬೆಳೆಯುವುದಕ್ಕೆ ತಿರುಗಿಕೊಂಡರು. ಮೇವು ಬೆಳೆದರೆ ಕೊಯ್ಲಿಗೆ ಮೊದಲು ಎರಡು ವಾರ ನೀರು ನಿಲ್ಲಿಸುವುದು, ಒಣಗಿಸಿ ಹಾಕುವುದು ಒಳ್ಳೆಯದು.

ನೀರು ಕೊಡುವುದರಲ್ಲಿ ಸ್ಪ್ರಿಂಕ್ಲರ್ ಎಲ್ಲಕ್ಕಿಂತ ಕೆಟ್ಟದ್ದು. ಎಲೆಯ ಮೇಲೆ ನೇರವಾಗಿ ಸುರಿಯುವುದಲ್ಲದೆ ಗಾಳಿಯಲ್ಲಿ ಹನಿಗಳು ಪಕ್ಕದ ಮನೆಗಳಿಗೂ ಹೋಗುತ್ತವೆ. ಮಡಿಗೆ ಹಾಯಿಸುವುದು ಅದಕ್ಕಿಂತ ವಾಸಿ. ಹನಿ ನೀರಾವರಿಯಲ್ಲಿ ನೆಲಮಟ್ಟದ ಬೆಳೆಗಳಿಗೆ ತಗಲುವ ರೋಗಾಣು ನೂರು ಪಟ್ಟು, ಎತ್ತರದ ಬೆಳೆಗಳಿಗೆ ಹತ್ತು ಸಾವಿರ ಪಟ್ಟು ಕಡಿಮೆಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಲೆಕ್ಕ ಹಾಕಿದೆ. ಈ ನೀರಿನಿಂದ ಡ್ರಿಪ್ಪಿನ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ, ಮರಳಿನ ಫಿಲ್ಟರ್ ಇಲ್ಲದೆ ಹಾಕಿಸಿ ಆಮೇಲೆ ಡ್ರಿಪ್ಪನ್ನು ಬೈಯಬೇಡಿ.

ಕೃಷಿ ಹೊಂಡ ಇದ್ದರೆ ಬಹಳ ಅನುಕೂಲ. ಜಂತುಮೊಟ್ಟೆಗಳು ನೀರಿಗಿಂತ ಭಾರ, ಅಲುಗಾಡದ ನೀರಿನಲ್ಲಿ ತಳಕ್ಕಿಳಿಯುತ್ತವೆ. ಎರಡು ಹೊಂಡ ಮಾಡಿಕೊಂಡು ಒಂದನ್ನು ತುಂಬಿಸಿ ಬಿಟ್ಟು ಇನ್ನೊಂದರಿಂದ ಹಾಯಿಸುತ್ತ ಹೋದರೆ ನೀರಿಗೆ ಕೆಲವು ದಿನ ನಿಲ್ಲುವ ಬಿಡುವು ಸಿಗುತ್ತದೆ; 8ರಿಂದ 10 ದಿನ ನಿಂತರೆ ಮೊಟ್ಟೆಗಳು ಬಹುತೇಕ ಇಳಿದಿರುತ್ತವೆ. ಮೋಟಾರಿನ ಪೈಪಿನ ಬಾಯಿಯನ್ನು ಖಾಲಿ ಕ್ಯಾನಿಗೆ ಕಟ್ಟಿ ಮೇಲುನೀರಿನಲ್ಲಿ ತೇಲುವಂತೆ ಮಾಡಿ, ತಳದ ಕೆಸರು ಎಳೆಯಬಾರದು. ಹೊಂಡದಲ್ಲಿ ಗಪ್ಪಿ ಮೀನು ಬಿಡುವುದನ್ನು ಮರೆತರೆ ಸೊಳ್ಳೆಯ ಕಾಟ.

ಎಲೆಯ ಮೇಲಿನ ಬ್ಯಾಕ್ಟೀರಿಯಾ ಮತ್ತು ವೈರಾಣುಗಳು ಬಿಸಿಲು ಮತ್ತು ಒಣಹವೆಗೆ ಒಂದು ದಿನದಲ್ಲಿ ಮೂರರಲ್ಲಿ ಒಂದು ಪಾಲಿಗೆ, ಕೆಲವೊಮ್ಮೆ ನೂರರಲ್ಲಿ ಒಂದು ಪಾಲಿಗೂ ಇಳಿಯುತ್ತವೆ. ಆದ್ದರಿಂದ ಕೊಯ್ಲಿಗೆ ಮೊದಲು ಮೂರು ನಾಲ್ಕು ದಿನ ಈ ನೀರನ್ನು ನಿಲ್ಲಿಸುವುದು ಖರ್ಚಿಲ್ಲದ ಉಪಾಯ. ನಮ್ಮ ಏಪ್ರಿಲ್ ಬಿಸಿಲಿಗೆ ಸೊಪ್ಪು ಅಷ್ಟು ದಿನ ತಡೆಯುವುದಿಲ್ಲ ಎನ್ನುವಿರಿ, ಸರಿ. ಆ ಕಡೆಯ ಸರದಿಗೆ ಮಾತ್ರವಾದರೂ ಬೋರಿನ ನೀರನ್ನು ಎಲ್ಲಿಂದಾದರೂ ಹೊಂದಿಸಿಕೊಳ್ಳಿ. ಇದೆಲ್ಲ ಮಾಡಿಯೂ ಬೆಳಗಿನ ಜಾವ ಮಾರುಕಟ್ಟೆಗೆ ಹೊರಡುವ ಮುನ್ನ ಕಟ್ಟುಗಳನ್ನು ಅದೇ ಹಳ್ಳದಲ್ಲಿ ಅದ್ದಿ ತೆಗೆದರೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮಾರುವವರು ದಾರಿಯಲ್ಲಿ ಚಿಮುಕಿಸುವ ನೀರಿನ ಮಾತೂ ಇಷ್ಟೆ.

ಗೊಬ್ಬರ ಉಳಿಯುವುದು ನಿಜ. ಲೀಟರಿಗೆ 30 ಮಿಲಿಗ್ರಾಂ ಸಾರಜನಕವಿರುವ ನೀರನ್ನು ಎಕರೆಗೆ 20 ಲಕ್ಷ ಲೀಟರ್ ಹಾಯಿಸಿದರೆ 60 ಕಿಲೋ ಸಾರಜನಕ ಬಿದ್ದಂತೆ, ಅಂದರೆ 45 ಕಿಲೋದ ಸುಮಾರು ಮೂರು ಚೀಲ ಯೂರಿಯಾ. ಅದರ ಮೇಲೆ ಅಭ್ಯಾಸಬಲದಿಂದ ಮತ್ತೊಂದು ಚೀಲ ಹಾಕುವವರಿದ್ದಾರೆ. ಬೆಳೆಗೆ ಬೇಡವಾದ ಸಾರಜನಕ ನೈಟ್ರೇಟ್ ಆಗಿ ಕೆಳಗಿಳಿದು ಸುತ್ತಲಿನ ಬಾವಿ, ಬೋರುಗಳನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ, ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತ ಆಮ್ಲಜನಕವನ್ನು ಸರಿಯಾಗಿ ಹೊರಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ನಿಮ್ಮ ಹೊಲದ ಬಳಿ ಕುಡಿಯುವ ನೀರಿನ ಬೋರ್ ಇದ್ದರೆ ಅದನ್ನೂ ಪರೀಕ್ಷೆಗೆ ಕೊಡಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನೂ ಹೇಳಬೇಕು. ಈ ನೀರಿನಿಂದ ಮೊದಲು ಕಾಯಿಲೆ ಬೀಳುವವರು ಪಟ್ಟಣದಲ್ಲಿ ಸೊಪ್ಪು ಕೊಳ್ಳುವವರಲ್ಲ, ಬರಿಗಾಲಿನಲ್ಲಿ ಮಡಿಯಲ್ಲಿ ನಿಂತು ಕಳೆ ಕೀಳುವ ನಿಮ್ಮ ಮನೆಯವರು ಮತ್ತು ಕೂಲಿಯ ಹೆಂಗಸರು. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿನಿಂದ ಪಾದದ ಚರ್ಮವನ್ನೇ ಕೊರೆದು ಒಳಹೋಗಿ, ಕರುಳಿನಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೊದಲೇ ರಕ್ತಹೀನತೆಯಿರುವ ಹೆಂಗಸರಿಗೆ, ಬಸುರಿಯರಿಗೆ ಇದು ಬಹಳ ಕೆಟ್ಟದ್ದು. ದುಂಡುಹುಳು ಬರುವುದು ಬಾಯಿಯಿಂದ, ಅಂದರೆ ಕೆಲಸದ ನಡುವೆ ಕೈ ತೊಳೆಯದೆ ತಿಂದ ಬುತ್ತಿಯಿಂದ. ಒಂದು ಹೆಣ್ಣುಹುಳು ದಿನಕ್ಕೆ ಎರಡು ಲಕ್ಷದವರೆಗೆ ಮೊಟ್ಟೆ ಇಡುತ್ತದೆ, ಅವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಗಂಬೂಟು, ಕೈಗವಸು, ಬದುವಿನ ಮೇಲೆ ಒಂದು ಕೊಡ ಒಳ್ಳೆಯ ನೀರು ಮತ್ತು ಸೋಪು, ಇಷ್ಟನ್ನು ನೀವೇ ಒದಗಿಸಬೇಕು. ಗಂಬೂಟು ಹಾಕಿ ಕಳೆ ಕೀಳಲಾಗುವುದಿಲ್ಲ ಎಂದು ಅವರು ಗೊಣಗುವುದು ಖಂಡಿತ. ಕಾಲು ಮುಚ್ಚುವ ಪ್ಲಾಸ್ಟಿಕ್ ಚಪ್ಪಲಿಯಾದರೂ ಬರಿಗಾಲಿಗಿಂತ ಮೇಲು. 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಹೊಲದಲ್ಲಿ ದುಡಿಯುವ ದೊಡ್ಡವರಿಗೆ ಆ ದಿನ ಯಾರೂ ಕರೆದು ಕೊಡುವುದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಯಾವ ನೀರಿನಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ಬಿಚ್ಚಿ ಹೇಳಿ ಮಾತ್ರೆಯ ಬಗ್ಗೆ ಸಲಹೆ ಪಡೆಯಿರಿ. ಬಸುರಿಯರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ನುಂಗಬಾರದು.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮ ಬಡಾವಣೆಗೆ ಬೇಸಿಗೆಯಲ್ಲಿ ನಲ್ಲಿ ನೀರು ಬರುವುದು ಅಪರೂಪ. ಸ್ನಾನದ ನೀರು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರನ್ನು ಕೈತೋಟದ ತರಕಾರಿಗೆ ಬಿಡಬಹುದೇ?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಬಚ್ಚಲ ಹಿಂದೆ ಬಾಳೆ, ಕೆಸು, ತೆಂಗು ಹಾಕುತ್ತಿದ್ದ ಹಿರಿಯರ ಕ್ರಮವನ್ನೇ ಅನುಸರಿಸಿ. ಬಾಳೆಗೊನೆಯೂ ತೆಂಗಿನಕಾಯಿಯೂ ನೆಲದಿಂದ ಮೇಲಿರುತ್ತವೆ, ಕೆಸುವನ್ನು ಬೇಯಿಸದೆ ಯಾರೂ ತಿನ್ನುವುದಿಲ್ಲ. ಪಾಯಿಖಾನೆಯ ನೀರು ಸೇರದಿದ್ದರೆ ಸ್ನಾನದ ನೀರಿನ ಅಪಾಯ ಚರಂಡಿ ನೀರಿಗಿಂತ ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎಳೆಮಗುವಿನ ಬಟ್ಟೆ ಒಗೆದ ನೀರನ್ನಂತೂ ಪಾಯಿಖಾನೆಯ ನೀರೆಂದೇ ಎಣಿಸಬೇಕು. ಕೊತ್ತಂಬರಿ, ಪುದೀನ, ಮೂಲಂಗಿ, ಕ್ಯಾರೆಟ್‌ಗಳಿಗೆ ಇದಾವುದನ್ನೂ ಬಿಡಬೇಡಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಅವುಗಳ ಬುಡಕ್ಕೆ ಹಾಕಬಹುದು. ಬಟ್ಟೆ ಸೋಪಿನ ಪುಡಿಯಲ್ಲಿ ಸೋಡಿಯಂ ಹೆಚ್ಚಿರುವುದರಿಂದ ಒಂದೇ ಜಾಗಕ್ಕೆ ದಿನವೂ ಬಿಟ್ಟರೆ ಮಣ್ಣು ಗಟ್ಟಿಕಟ್ಟಿ ನೀರು ಇಂಗುವುದು ನಿಲ್ಲುತ್ತದೆ. ಮೊದಲ ಸಲದ ನೊರೆನೀರನ್ನು ಚರಂಡಿಗೆ ಬಿಟ್ಟು, ಜಾಲಿಸಿದ ನೀರನ್ನು ಜಾಗ ಬದಲಿಸುತ್ತ ಬಿಡಿ. ಡ್ರಮ್ಮಿನಲ್ಲಿ ಕೂಡಿಡುವ ಅಭ್ಯಾಸವಿದ್ದರೆ ಒಂದು ದಿನಕ್ಕಿಂತ ಹೆಚ್ಚು ಇಡಬಾರದು. ಬೇಸಿಗೆಯಲ್ಲಿ ಅದು ಮರುದಿನವೇ ನಾರತೊಡಗುತ್ತದೆ ಮತ್ತು ಅಷ್ಟರೊಳಗೆ ಅದರಲ್ಲಿ ಬ್ಯಾಕ್ಟೀರಿಯಾ ಎಷ್ಟೋ ಪಟ್ಟು ಹೆಚ್ಚಿರುತ್ತದೆ.